ಚಾಟ್‌ಬಾಟ್ ಬಳಸಿ ಪಾಠ ತಯಾರಿ: ಕನ್ನಡ ಮಾಧ್ಯಮದ ಶಿಕ್ಷಕರಿಗೆ ಸಮಗ್ರ ಮಾರ್ಗದರ್ಶಿ

"ಹತ್ತನೇ ತರಗತಿಯ ವಿದ್ಯುತ್ ಪಾಠಕ್ಕೆ ಪಾಠ ಯೋಜನೆ ಬರೆದುಕೊಡು" ಎಂದು ಚಾಟ್‌ಬಾಟ್‌ಗೆ ಕೇಳಿದರೆ ಅರ್ಧ ನಿಮಿಷದಲ್ಲಿ ಮೂರು ಪುಟ ಬಂದು ಬೀಳುತ್ತದೆ. ರೋಧ ಎನ್ನಬೇಕಾದ ಕಡೆ ಪ್ರತಿರೋಧ, ಶಾಲೆಯಲ್ಲಿ ಇಲ್ಲವೇ ಇಲ್ಲದ ಪ್ರೊಜೆಕ್ಟರ್, 40 ನಿಮಿಷದ ಅವಧಿಗೆ 90 ನಿಮಿಷದ ಚಟುವಟಿಕೆ. ಕೆಲವರು ಒಮ್ಮೆ ನೋಡಿ "ಇದು ನಮಗಲ್ಲ" ಎಂದು ಕೈಬಿಡುತ್ತಾರೆ. ಇನ್ನು ಕೆಲವರು ಅದನ್ನೇ ಜೆರಾಕ್ಸ್ ಮಾಡಿಸಿ ಹಂಚುತ್ತಾರೆ. ಎರಡನೆಯದು ಹೆಚ್ಚು ಅಪಾಯ.

ಎರಡಕ್ಕೂ ಮೂಲ ಒಂದೇ: ಕೊಡಬೇಕಾದದ್ದನ್ನು ಕೊಡದೆ ಕೇಳುವುದು. ನಿಮ್ಮ ಪಠ್ಯಪುಸ್ತಕದ ಪುಟ, ನಿಮ್ಮ ಪಾರಿಭಾಷಿಕ ಪದಗಳು, ನಿಮ್ಮ ಮಕ್ಕಳು ಎಲ್ಲಿ ಎಡವುತ್ತಾರೆ ಎಂಬುದು ಇವಿಷ್ಟೂ ಒಳಗೆ ಹೋಗದಿದ್ದರೆ ಬಾಟ್ ತನಗೆ ತಿಳಿದ ಯಾವುದೋ ಊರಿನ ಯಾವುದೋ ಶಾಲೆಗೆ ಪಾಠ ಬರೆಯುತ್ತದೆ. ಆದ್ದರಿಂದ ಕೆಳಗಿನ ಹಂತಗಳ ಕ್ರಮ ಬದಲಿಸಬೇಡಿ. ಉದಾಹರಣೆಗೆ ಉದ್ದಕ್ಕೂ ಹತ್ತನೇ ತರಗತಿ ವಿಜ್ಞಾನದ ವಿದ್ಯುತ್ ಘಟಕವನ್ನೇ ಇಟ್ಟುಕೊಂಡಿದ್ದೇವೆ. ಗಣಿತ, ಸಮಾಜ ವಿಜ್ಞಾನದವರಿಗೂ ಕ್ರಮ ಇದೇ. ಕನ್ನಡ ಶಿಕ್ಷಕರಿಗೆ ಮಾತ್ರ ಕೊನೆಯ ಭಾಗದಲ್ಲಿ ಪ್ರತ್ಯೇಕ ಎಚ್ಚರಿಕೆಗಳಿವೆ.

## ಏನೇನು ಬೇಕು

ಇಂಟರ್ನೆಟ್ ಇರುವ ಒಂದು ಫೋನ್ ಸಾಕು. ಲ್ಯಾಪ್‌ಟಾಪ್ ಇದ್ದರೆ ಎರಡನೇ ಹಂತ ಸುಲಭ. ಚಾಟ್‌ಜಿಪಿಟಿ, ಜೆಮಿನಿ, ಕೋಪೈಲಟ್, ಕ್ಲಾಡ್ ಇವುಗಳಲ್ಲಿ ಯಾವುದಾದರೂ ಒಂದರ ಉಚಿತ ಖಾತೆ. ಪಾಠದ ಪಠ್ಯಪುಸ್ತಕ. ಕಳೆದ ವರ್ಷದ ಒಂದು ಘಟಕ ಪರೀಕ್ಷೆಯ ತಿದ್ದಿದ ಉತ್ತರ ಪತ್ರಿಕೆಗಳು. ಒಂದು ನೋಟ್‌ಬುಕ್, ಒಂದು ಕ್ಯಾಲ್ಕ್ಯುಲೇಟರ್.

ಯಾವ ಬಾಟ್ ಒಳ್ಳೆಯದು ಎಂಬ ಚರ್ಚೆಗೆ ಹೆಚ್ಚು ಹೊತ್ತು ಕೊಡಬೇಡಿ. ಒಂದನ್ನು ಆರಿಸಿ ಒಂದು ಘಟಕ ಮುಗಿಯುವವರೆಗೆ ಅದರಲ್ಲೇ ಇರಿ. ದಿನಕ್ಕೊಂದು ಬದಲಿಸಿದರೆ ಯಾವುದರ ತಪ್ಪಿನ ಚಾಳಿಯೂ ನಿಮಗೆ ಪರಿಚಯವಾಗುವುದಿಲ್ಲ. ಶಿಕ್ಷಣ ಫೌಂಡೇಶನ್ ಮತ್ತು ಮೈಕ್ರೋಸಾಫ್ಟ್ ರಿಸರ್ಚ್ ಸೇರಿ ರೂಪಿಸಿದ ಶಿಕ್ಷಾ ಕೋಪೈಲಟ್ ನಿಮ್ಮ ಶಾಲೆಗೆ ಬಂದಿದ್ದರೆ ಪಠ್ಯ ಒಳಸೇರಿಸುವ ಕೆಲಸ ಬಹುಪಾಲು ಆಗಿಯೇ ಇರುತ್ತದೆ. ಆಗಲೂ ಮೂರನೇ ಹಂತದಿಂದ ಮುಂದಿನದು ನಿಮ್ಮದೇ ಹೊಣೆ.

## ಹಂತ 1: ಖಾತೆ ಮತ್ತು ಗೌಪ್ಯತೆ

ಖಾತೆ ನಿಮ್ಮ ಹೆಸರಲ್ಲಿರಲಿ, ಮಕ್ಕಳ ಹೆಸರಲ್ಲಿ ತೆರೆಯಬೇಡಿ. ಚಾಟ್‌ಜಿಪಿಟಿ 13 ವರ್ಷಕ್ಕಿಂತ ಕಿರಿಯರಿಗಲ್ಲ, 13ರಿಂದ 18ರವರೆಗೆ ಪೋಷಕರ ಅನುಮತಿ ಬೇಕು. ಕ್ಲಾಡ್ 18 ತುಂಬಿದವರಿಗೆ ಮಾತ್ರ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಪೋಷಕರ ಖಚಿತ ಒಪ್ಪಿಗೆ ಇರಬೇಕು. ಹಾಗಾಗಿ ಪ್ರೌಢಶಾಲೆಯಲ್ಲಿ ಬಾಟ್ ಶಿಕ್ಷಕರ ಮೇಜಿನ ಮೇಲಿನ ಸಾಧನವಾಗಿಯೇ ಇರಲಿ.

ಸೆಟ್ಟಿಂಗ್ಸ್‌ಗೆ ಹೋಗಿ ನಿಮ್ಮ ಮಾತುಕತೆಯನ್ನು ಬಾಟ್‌ನ ತರಬೇತಿಗೆ ಬಳಸುವ ಆಯ್ಕೆಯನ್ನು ಆಫ್ ಮಾಡಿ. ಚಾಟ್‌ಜಿಪಿಟಿಯಲ್ಲಿ ಅದು ಡೇಟಾ ಕಂಟ್ರೋಲ್ಸ್ ಅಡಿಯಲ್ಲಿದೆ. ಹೀಗೆ ಮಾಡಿದ ಮೇಲೂ ಮಕ್ಕಳ ಹೆಸರು, ಇಲಾಖೆ ಪ್ರತಿ ವಿದ್ಯಾರ್ಥಿಗೆ ಕೊಡುವ ಎಸ್‌ಎಟಿಎಸ್ ಸಂಖ್ಯೆ, ಜಾತಿ, ಅಂಕಪಟ್ಟಿ, ಮುಖ ಕಾಣುವ ಫೋಟೋ ಯಾವುದನ್ನೂ ಹಾಕಬೇಡಿ. ಉತ್ತರ ಪತ್ರಿಕೆಯ ಫೋಟೋ ಹಾಕಲೇಬೇಕಾದರೆ ಮೊದಲ ಪುಟ ಬಿಟ್ಟು, ಹೆಸರಿರುವ ಅಂಚನ್ನು ಕ್ರಾಪ್ ಮಾಡಿ ಹಾಕಿ. "ವಿದ್ಯಾರ್ಥಿ 1, ವಿದ್ಯಾರ್ಥಿ 2" ಎಂದರೆ ಬಾಟ್‌ಗೆ ಧಾರಾಳವಾಗಿ ಸಾಕು.

## ಹಂತ 2: ಪಠ್ಯವನ್ನು ಒಳಗೆ ತರುವುದು

ಹೆಚ್ಚಿನವರು ಸೋಲುವುದು ಇಲ್ಲಿ. ಸೋತದ್ದು ತಿಳಿಯುವುದೂ ಇಲ್ಲ.

ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಿಂದ ಪಿಡಿಎಫ್ ಇಳಿಸಿಕೊಂಡು, ಪಾಠ ಸೆಲೆಕ್ಟ್ ಮಾಡಿ, ಕಾಪಿ ಮಾಡಿ ಚಾಟ್‌ಗೆ ಅಂಟಿಸಿದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರಬಹುದು. ಹಲವು ಪುಸ್ತಕಗಳು ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ನಲ್ಲಿ ವಿನ್ಯಾಸಗೊಂಡವು. ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗಿರುವ ಸಂಕೇತ ಎಲ್ಲ ಸಾಧನಗಳೂ ಕನ್ನಡವೆಂದು ಗುರುತಿಸುವ ಯೂನಿಕೋಡ್ ಅಲ್ಲ. ಇಡೀ ಪಿಡಿಎಫ್ ಅಪ್‌ಲೋಡ್ ಮಾಡಿದಾಗ ಈ ಗೊಂದಲ ನಿಮಗೆ ಕಾಣುವುದೇ ಇಲ್ಲ. ಬಾಟ್‌ಗೆ ಪಠ್ಯ ಓದಲಾಗದಿದ್ದರೂ ಶೀರ್ಷಿಕೆ ನೋಡಿ ತನ್ನ ನೆನಪಿನಿಂದ ಉತ್ತರ ಕಟ್ಟಬಹುದು. ನೀವು ಪಠ್ಯ ಆಧರಿಸಿದ ಉತ್ತರವೆಂದು ನಂಬುತ್ತೀರಿ.

ದಾರಿ ಮೂರು. ಮೊದಲನೆಯದು, ಪುಟಗಳ ಸ್ಪಷ್ಟ ಫೋಟೋ ಅಥವಾ ಸ್ಕ್ರೀನ್‌ಶಾಟ್ ಹಾಕುವುದು. ಒಂದು ಸಲಕ್ಕೆ ಎರಡು ಮೂರು ಪುಟ ಸಾಕು, ಹತ್ತು ಹಾಕಿದರೆ ನಡುವಿನವನ್ನು ಅದು ಮೇಲೆ ಮೇಲೆ ಓದಿ ಬಿಡುತ್ತದೆ. ಎರಡನೆಯದು, ಗೂಗಲ್ ಲೆನ್ಸ್‌ನಿಂದ ಪುಟದ ಅಕ್ಷರಗಳನ್ನು ಯೂನಿಕೋಡ್‌ಗೆ ತೆಗೆದುಕೊಂಡು ಅಂಟಿಸುವುದು. ಮೂರನೆಯದು, ಕಾಪಿ ಮಾಡಿದ್ದನ್ನು ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಯಿಸುವುದು. ಪಾಠ ಉದ್ದವಿದ್ದರೆ ಮೂರನೆಯದೇ ವೇಗ. ಯಾವ ದಾರಿಯಾದರೂ ಒತ್ತಕ್ಷರ, ಅರ್ಕಾವತ್ತು, ದೀರ್ಘ ಇವುಗಳ ಮೇಲೆ ಒಮ್ಮೆ ಕಣ್ಣಾಡಿಸಿ. ಲೆನ್ಸ್ ಸೂತ್ರಗಳನ್ನಂತೂ ಆಗಾಗ ಕೆಡಿಸುತ್ತದೆ. ಭಿನ್ನರಾಶಿಯ ಅಂಶ, ಛೇದ ಒಂದೇ ಸಾಲಿಗೆ ಬಂದು ಕೂರುತ್ತವೆ, ಘಾತಾಂಕ ಕೆಳಗಿಳಿದು ಸಾಮಾನ್ಯ ಅಂಕಿಯಾಗುತ್ತದೆ. ಹತ್ತರ ಘಾತ 6 ಎಂಬುದು 106 ಆಗಿಬಿಟ್ಟರೆ ಮುಂದಿನ ಲೆಕ್ಕವೆಲ್ಲ ನೀರುಪಾಲು. ಸೂತ್ರಗಳನ್ನು ಕೈಯಾರೆ ಟೈಪ್ ಮಾಡುವುದೇ ಲೇಸು.

ಪಠ್ಯ ಹಾಕಿದ ಕೂಡಲೇ ಪಾಠ ಯೋಜನೆ ಕೇಳಬೇಡಿ. ಮೊದಲು ಹೀಗೆ ಕೇಳಿ: "ಈ ಪುಟದ ಎರಡನೇ ಪ್ಯಾರಾದ ಮೊದಲ ವಾಕ್ಯವನ್ನು ಇದ್ದಂತೆಯೇ ಬರೆ. ಪುಟದಲ್ಲಿರುವ ಚಟುವಟಿಕೆಯ ಸಂಖ್ಯೆ ಹೇಳು." ಪುಸ್ತಕ ತೆರೆದು ಹೋಲಿಸಿ. ವಾಕ್ಯ ಅಕ್ಷರಶಃ ಸಿಕ್ಕರೆ ಮುಂದೆ ಹೋಗಿ. ಅರ್ಥ ಸರಿ, ಪದ ಬೇರೆ ಎಂದಾದರೆ ಅದು ಓದಿಲ್ಲ, ಊಹಿಸಿದೆ. ಫೋಟೋ ಮತ್ತೆ ತೆಗೆಯಿರಿ.

ಇನ್ನೊಂದು ಮಾತು. ಬಾಟ್‌ಗಳು ಪಠ್ಯವನ್ನು ಅಕ್ಷರವಾಗಿ ನೋಡದೆ ಟೋಕನ್ ಎಂಬ ಚೂರುಗಳಾಗಿ ಒಡೆದು ಓದುತ್ತವೆ. ಅಷ್ಟೇ ವಿಷಯದ ಇಂಗ್ಲಿಷ್‌ಗೆ ಹೋಲಿಸಿದರೆ ಕನ್ನಡಕ್ಕೆ ಹೆಚ್ಚು ಚೂರು ಬೇಕಾಗುತ್ತದೆ. ಅಂದರೆ ಉಚಿತ ಖಾತೆಯ ಮಿತಿ ಬೇಗ ಮುಗಿಯುತ್ತದೆ, ಉದ್ದದ ಮಾತುಕತೆಯಲ್ಲಿ ಆರಂಭದಲ್ಲಿ ನೀವು ಕೊಟ್ಟ ಪಠ್ಯ ಅದರ ಹಿಡಿತದಿಂದ ಜಾರುತ್ತದೆ. ಒಂದು ಚಾಟ್‌ನಲ್ಲಿ ಒಂದು ಉಪಘಟಕ ಮಾತ್ರ. ಓಮ್‌ನ ನಿಯಮಕ್ಕೆ ಒಂದು, ರೋಧಕಗಳ ಜೋಡಣೆಗೆ ಇನ್ನೊಂದು.

## ಹಂತ 3: ಪದಪಟ್ಟಿ ಕಟ್ಟುವುದು

ಬಾಟ್ ಕಲಿತ ಕನ್ನಡ ಪತ್ರಿಕೆ, ಅನುವಾದ, ವಿಕಿಪೀಡಿಯ ಎಲ್ಲದರ ಬೆರಕೆ. ವಿಭವಾಂತರ ಎಂದು ಶುರುಮಾಡಿ ನಾಲ್ಕನೇ ಸಾಲಿಗೆ ವಿಭವ ವ್ಯತ್ಯಾಸ, ಹತ್ತನೇ ಸಾಲಿಗೆ ವೋಲ್ಟೇಜ್ ಎನ್ನುತ್ತದೆ. ನಿಮಗೆ ಮೂರೂ ಒಂದೇ ಎಂದು ಗೊತ್ತು. ಮೊದಲ ಸಲ ಕೇಳುವ ಮಗುವಿಗೆ ಅವು ಮೂರು ಬೇರೆ ಸಂಗತಿಗಳು.

ಪಾಠದಿಂದ ಹತ್ತರಿಂದ ಹದಿನೈದು ಪದ ಎತ್ತಿ ಪಟ್ಟಿ ಮಾಡಿ: ವಿದ್ಯುತ್ ಪ್ರವಾಹ, ವಿಭವಾಂತರ, ರೋಧ, ರೋಧಕ, ರೋಧಶೀಲತೆ, ಸರಣಿ ಜೋಡಣೆ, ಸಮಾಂತರ ಜೋಡಣೆ. ನಿಮ್ಮ ಪುಸ್ತಕದ ಕಾಗುಣಿತವೇ ಅಂತಿಮ, ಇಲ್ಲಿ ಬರೆದದ್ದಲ್ಲ. ಪಕ್ಕದಲ್ಲಿ ಬಳಸಬಾರದ ಪದಗಳನ್ನೂ ಬರೆಯಿರಿ: ಪ್ರತಿರೋಧ ಬೇಡ, ವಿಭವ ವ್ಯತ್ಯಾಸ ಬೇಡ. ಬೇಕಾದ್ದರ ಜೊತೆ ಬೇಡದ್ದನ್ನೂ ಹೇಳಿದರೆ ಫಲಿತಾಂಶ ಎದ್ದು ಕಾಣುವಷ್ಟು ಸುಧಾರಿಸುತ್ತದೆ.

ಬೆಳಕಿನ ಪಾಠಕ್ಕೆ ಈ ಹಂತ ಇನ್ನೂ ಮುಖ್ಯ. ಪ್ರತಿಫಲನ ಮತ್ತು ಪ್ರತಿಬಿಂಬ, ಪ್ರತಿಫಲನ ಮತ್ತು ವಕ್ರೀಭವನ ಇವನ್ನು ಬಾಟ್ ಅದಲುಬದಲು ಮಾಡಿದರೆ ವಾಕ್ಯ ಓದಲು ಚೆನ್ನಾಗಿಯೇ ಇರುತ್ತದೆ, ವಿಜ್ಞಾನ ಮಾತ್ರ ತಪ್ಪಾಗಿರುತ್ತದೆ.

## ಹಂತ 4: ತುಂಡು ತುಂಡಾಗಿ ಕೇಳುವುದು

ಇಡೀ ಪಾಠ ಯೋಜನೆಯನ್ನು ಒಂದೇ ಏಟಿಗೆ ಕೇಳಬೇಡಿ. ಪಾಠ ಯೋಜನೆಯ 5ಇ ಮಾದರಿಯ ಐದು ಭಾಗಗಳಲ್ಲಿ (ತೊಡಗಿಸಿಕೊಳ್ಳುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ) ನಿಮಗೆ ನಿಜವಾಗಿ ಸಹಾಯ ಬೇಕಿರುವುದು ಸಾಮಾನ್ಯವಾಗಿ ಎರಡಕ್ಕೆ: ತೊಡಗಿಸಿಕೊಳ್ಳುವಿಕೆಯ ಆರಂಭದ ಪ್ರಶ್ನೆಗೆ ಮತ್ತು ಮೌಲ್ಯಮಾಪನಕ್ಕೆ. ವಿವರಣೆ ನಿಮ್ಮದೇ ಇರಲಿ. ಅದರಲ್ಲಿ ಬಾಟ್‌ಗಿಂತ ನೀವೇ ಮೇಲು, ಮಕ್ಕಳ ಮುಖ ನೋಡಿ ವೇಗ ಬದಲಿಸುವುದು ಅದಕ್ಕಾಗದು.

ಕೆಲಸಕ್ಕೆ ಬರುವ ಪ್ರಾಂಪ್ಟ್‌ನಲ್ಲಿ (ಬಾಟ್‌ಗೆ ಬರೆದು ಕೊಡುವ ಸೂಚನೆಯಲ್ಲಿ) ಐದು ಸಂಗತಿ ಇರಬೇಕು: ಯಾರಿಗೆ, ಎಷ್ಟು ಹೊತ್ತು, ಏನೇನು ಸಾಮಗ್ರಿ, ಯಾವ ತಪ್ಪು ಕಲ್ಪನೆ, ಯಾವ ರೂಪ. ಒಂದು ಮಾದರಿ:

"ಮೇಲೆ ಕೊಟ್ಟ ಪಠ್ಯ ಮತ್ತು ಪದಪಟ್ಟಿಯನ್ನು ಮಾತ್ರ ಬಳಸು. ಹತ್ತನೇ ತರಗತಿ, 45 ಮಕ್ಕಳು, ಅವಧಿ 40 ನಿಮಿಷ. ಇರುವುದು ಕಪ್ಪುಹಲಗೆ, ಎರಡು ಶುಷ್ಕಕೋಶ, ಎರಡು ಸಣ್ಣ ಬಲ್ಬ್, ತಂತಿ. ಪ್ರೊಜೆಕ್ಟರ್ ಇಲ್ಲ. ಬಲ್ಬ್ ಪ್ರವಾಹವನ್ನು ತಿಂದುಹಾಕುತ್ತದೆ, ಎರಡನೇ ಬಲ್ಬ್‌ಗೆ ಕಡಿಮೆ ಉಳಿಯುತ್ತದೆ ಎಂದು ಅರ್ಧ ತರಗತಿ ನಂಬಿದೆ. ಈ ನಂಬಿಕೆಯನ್ನು ಮಕ್ಕಳೇ ಪರೀಕ್ಷಿಸುವಂತೆ ಮೊದಲ 7 ನಿಮಿಷಕ್ಕೆ ಒಂದು ಚಟುವಟಿಕೆ ಸೂಚಿಸು. 120 ಪದ ಮೀರಬೇಡ. ಪಠ್ಯದಲ್ಲಿ ಇಲ್ಲದ ಏನನ್ನಾದರೂ ಸೇರಿಸಿದರೆ ಆ ವಾಕ್ಯದ ಮುಂದೆ 'ಹೊರಗಿನದು' ಎಂದು ಬರೆ."

ತಪ್ಪು ಕಲ್ಪನೆಯ ಸಾಲು ಎಲ್ಲಿಂದ ಬಂತು? ಕಳೆದ ವರ್ಷದ ಉತ್ತರ ಪತ್ರಿಕೆಗಳಿಂದ. ಹತ್ತು ಪತ್ರಿಕೆ ತಿರುವಿ ಒಂದೇ ತಪ್ಪು ಎಲ್ಲಿ ಮರುಕಳಿಸಿದೆ ನೋಡಿ. ಇಡೀ ಪ್ರಾಂಪ್ಟ್‌ನಲ್ಲಿ ಅತಿ ಬೆಲೆಯುಳ್ಳ ಸಾಲು ಅದು, ಅದನ್ನು ನೀವಲ್ಲದೆ ಬೇರಾರೂ ಬರೆಯಲಾರರು.

ಬಂದ ಉತ್ತರ ಹಿಡಿಸದಿದ್ದರೆ "ಇನ್ನೂ ಚೆನ್ನಾಗಿ ಬರೆ" ಎನ್ನಬೇಡಿ, ಅದು ವಿಶೇಷಣ ಸೇರಿಸಿ ವಾಕ್ಯ ಉದ್ದ ಮಾಡುತ್ತದೆ ಅಷ್ಟೇ. ಏನು ಬದಲಾಗಬೇಕೋ ಅದನ್ನೇ ಹೇಳಿ: "ಎರಡನೇ ಹೆಜ್ಜೆಗೆ ಅಮ್ಮೀಟರ್ ಬೇಕು, ನಮ್ಮಲ್ಲಿಲ್ಲ. ಬಲ್ಬ್‌ನ ಪ್ರಕಾಶ ಹೋಲಿಸಿಯೇ ಮಾಡುವಂತೆ ಬದಲಿಸು."

### ಸ್ಥಳೀಯ ಉದಾಹರಣೆಯ ಬಲೆ

"ಹಳ್ಳಿಯ ಮಕ್ಕಳಿಗೆ ತಿಳಿಯುವ ಉದಾಹರಣೆ ಕೊಡು" ಎಂದರೆ ಬಾಟ್ ಕೂಡಲೇ 5 ಅಶ್ವಶಕ್ತಿಯ ಪಂಪ್‌ಸೆಟ್ ತರುತ್ತದೆ. 3730 ವ್ಯಾಟ್ ಅನ್ನು 230 ವೋಲ್ಟ್‌ನಿಂದ ಭಾಗಿಸಿ 16.2 ಆಂಪಿಯರ್ ಎನ್ನುತ್ತದೆ. ಭಾಗಾಕಾರ ಸರಿ, ಭೌತಶಾಸ್ತ್ರ ತಪ್ಪು. ಹೊಲದ ಆ ಮೋಟಾರ್ ಸಾಮಾನ್ಯವಾಗಿ ಮೂರು ಫೇಸ್‌ನದು, ಅದಕ್ಕೆ ಈ ಸರಳ ಸೂತ್ರ ಹೊಂದುವುದಿಲ್ಲ. ಮೇಲಾಗಿ ಅಶ್ವಶಕ್ತಿ ಎಂದು ಬರೆದಿರುವುದು ಮೋಟಾರ್ ಹೊರಕೊಡುವ ಸಾಮರ್ಥ್ಯ, ಎಳೆದುಕೊಳ್ಳುವ ವಿದ್ಯುತ್ ಅದಕ್ಕಿಂತ ಹೆಚ್ಚು. ಅಪ್ಪನ ಜೊತೆ ಸ್ಟಾರ್ಟರ್ ಒತ್ತಿದ ಹುಡುಗನೊಬ್ಬ ತರಗತಿಯಲ್ಲಿ "ಸರ್, ನಮ್ಮದು ಮೂರು ಫೇಸು" ಎಂದರೆ ಪಾಠ ಅಲ್ಲೇ ನಿಂತಿತು.

ಇದರ ಬದಲು ಶಾಖ ಕೊಡುವ ಉಪಕರಣ ಹಿಡಿಯಿರಿ. ನೀರು ಕಾಯಿಸುವ ಕಾಯಿಲ್, ಇಸ್ತ್ರಿ ಪೆಟ್ಟಿಗೆ. 220 ವೋಲ್ಟ್‌ನ 1100 ವ್ಯಾಟ್ ಕಾಯಿಲ್‌ಗೆ ಪ್ರವಾಹ 5 ಆಂಪಿಯರ್, ರೋಧ 44 ಓಮ್. ಲೆಕ್ಕವೂ ಸಲೀಸು, ವಿಜ್ಞಾನವೂ ಸರಿ.

## ಹಂತ 5: ಪ್ರಶ್ನೆ ತಯಾರಿ

ಬಾಟ್‌ನಿಂದ ಹೆಚ್ಚು ಸಮಯ ಉಳಿಯುವುದು ಇಲ್ಲಿ, ಹೆಚ್ಚು ತಪ್ಪು ನುಸುಳುವುದೂ ಇಲ್ಲೇ.

ಮೊದಲು ನೀಲನಕ್ಷೆಯನ್ನು ನೀವೇ ಬರೆಯಿರಿ. 20 ಅಂಕದ ಘಟಕ ಪರೀಕ್ಷೆ ಎಂದಿಟ್ಟುಕೊಳ್ಳಿ: 1 ಅಂಕದ 4, 2 ಅಂಕದ 3, 3 ಅಂಕದ 2, 4 ಅಂಕದ 1. ಒಟ್ಟು 10 ಪ್ರಶ್ನೆ. "20 ಅಂಕದ ಪ್ರಶ್ನೆಪತ್ರಿಕೆ ಕೊಡು" ಎಂದು ಬಿಟ್ಟರೆ ಬಾಟ್ 23 ಅಂಕಕ್ಕೆ ಕೊಟ್ಟು ಕೆಳಗೆ ಒಟ್ಟು 20 ಎಂದು ಬರೆದಿರಬಹುದು. ಎಣಿಕೆ ಅದರ ದುರ್ಬಲ ಜಾಗ. ಎಸ್‌ಎಸ್‌ಎಲ್‌ಸಿ ಅಭ್ಯಾಸ ಪತ್ರಿಕೆಯಾದರೆ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಆ ವರ್ಷದ ನೀಲನಕ್ಷೆಯನ್ನೇ ಟೈಪ್ ಮಾಡಿ ಕೊಡಿ. ಬಾಟ್ ನೆನಪಿನಿಂದ ಹೇಳುವ ಮಾದರಿ ಹಳೆಯದಾಗಿರಬಹುದು.

ಬಹು ಆಯ್ಕೆ ಪ್ರಶ್ನೆಯ ಜೀವ ಇರುವುದು ತಪ್ಪು ಆಯ್ಕೆಗಳಲ್ಲಿ. 6 ಓಮ್ ಮತ್ತು 3 ಓಮ್ ರೋಧಕಗಳನ್ನು ಸಮಾಂತರವಾಗಿ ಜೋಡಿಸಿದರೆ ಸಮಾನ ರೋಧ ಎಷ್ಟು? ಸರಿ ಉತ್ತರ 2 ಓಮ್. ಸುಮ್ಮನೆ ಕೇಳಿದರೆ ಬಾಟ್ 2, 5, 7, 10 ಎಂದು ಕೊಡುತ್ತದೆ. 7 ಅಥವಾ 10 ಆರಿಸಿದ ಮಗು ಏನು ತಪ್ಪಿತು ಎಂದು ನಿಮಗೆ ತಿಳಿಯುವುದಿಲ್ಲ. ಹೀಗೆ ಕೇಳಿ: "ಪ್ರತಿ ತಪ್ಪು ಆಯ್ಕೆಯೂ ಮಕ್ಕಳು ಮಾಡುವ ಒಂದು ನಿರ್ದಿಷ್ಟ ತಪ್ಪಿನಿಂದ ಬಂದಿರಲಿ. ಯಾವ ತಪ್ಪು ಎಂದು ಪಕ್ಕದಲ್ಲಿ ಬರೆ." ಆಗ ಬರಬೇಕಾದ್ದು ಇದು:

- 9 ಓಮ್: ಸರಣಿ ಜೋಡಣೆ ಎಂದು ತಿಳಿದು ಕೂಡಿಸಿದ್ದಾರೆ.
- 0.5 ಓಮ್: ವ್ಯುತ್ಕ್ರಮಗಳನ್ನು ಕೂಡಿಸಿ ಕೊನೆಯಲ್ಲಿ ತಿರುವಿ ಹಾಕಲು ಮರೆತಿದ್ದಾರೆ.
- 4.5 ಓಮ್: ಸರಾಸರಿ ತೆಗೆದಿದ್ದಾರೆ.

ಈಗ ಪತ್ರಿಕೆ ತಿದ್ದುವಾಗಲೇ ನಾಳೆ ಯಾರಿಗೆ ಏನು ಹೇಳಿಕೊಡಬೇಕು ಎಂಬುದು ಗೊತ್ತಾಗುತ್ತದೆ. 0.5 ಆರಿಸಿದವರಿಗೆ ಪರಿಕಲ್ಪನೆ ತಿಳಿದಿದೆ, ಒಂದು ಹೆಜ್ಜೆ ಬಿಟ್ಟಿದ್ದಾರೆ. 9 ಆರಿಸಿದವರಿಗೆ ಮಂಡಲದ ಚಿತ್ರದಿಂದಲೇ ಶುರುಮಾಡಬೇಕು.

ಇನ್ನೆರಡು ಚಾಳಿಗಳನ್ನು ಗಮನಿಸಿ. ಸರಿ ಉತ್ತರ ಉಳಿದವಕ್ಕಿಂತ ಉದ್ದವಾಗಿ, ವಿವರವಾಗಿ ಇರುತ್ತದೆ; ಜಾಣ ಮಕ್ಕಳು ಪಾಠ ಓದದೆಯೇ ಉದ್ದ ನೋಡಿ ಟಿಕ್ ಹಾಕುತ್ತಾರೆ. ಹಾಗೆಯೇ ಸರಿ ಉತ್ತರ ಬಿ ಅಥವಾ ಸಿ ಜಾಗದಲ್ಲೇ ಕೂರುವುದು ಹೆಚ್ಚು. ಆಯ್ಕೆಗಳ ಕ್ರಮವನ್ನು ನೀವೇ ಕಲಸಿ.

ಚಿತ್ರ ಕೇಳಬೇಡಿ. ಬಾಟ್ ಬಿಡಿಸುವ ವಿದ್ಯುನ್ಮಂಡಲದಲ್ಲಿ ತಂತಿ ಎಲ್ಲೋ ತುಂಡಾಗಿರುತ್ತದೆ, ಕನ್ನಡ ಹೆಸರುಗಳ ಒತ್ತಕ್ಷರ ಚೆಲ್ಲಾಪಿಲ್ಲಿಯಾಗಿರುತ್ತದೆ. ಸ್ಕೇಲು ಪೆನ್ಸಿಲ್ ಹಿಡಿದು ಬಿಡಿಸಿ ಫೋಟೋ ತೆಗೆಯಿರಿ. ಸ್ಮಾರ್ಟ್‌ಬೋರ್ಡ್ ಇದ್ದರೆ ಕೊಲರಾಡೋ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್‌ನಲ್ಲಿ ಮಂಡಲ ಜೋಡಿಸಿ ತೋರಿಸಬಹುದು. ಅಲ್ಲಿ ಲೆಕ್ಕ ನಂಬಬಹುದಾದದ್ದು.

## ಹಂತ 6: ಪರಿಶೀಲನೆ

ಹತ್ತು ಪ್ರಶ್ನೆಗೆ ಇಪ್ಪತ್ತು ನಿಮಿಷ ಎತ್ತಿಡಿ. ಅಷ್ಟು ಸಮಯ ಇಲ್ಲದಿದ್ದರೆ ಬಾಟ್ ಬಳಸದಿರುವುದೇ ಮೇಲು, ಹಳೆಯ ಪ್ರಶ್ನೆಕೋಠಿಯಿಂದ ಆರಿಸಿಕೊಳ್ಳಿ.

ಮೊದಲ ಸುತ್ತು ಲೆಕ್ಕದ್ದು. ಪ್ರತಿ ಸಂಖ್ಯಾ ಪ್ರಶ್ನೆಯನ್ನೂ ಬಾಟ್‌ನ ಉತ್ತರ ನೋಡದೆ ನೋಟ್‌ಬುಕ್‌ನಲ್ಲಿ ಬಿಡಿಸಿ. ನೋಡಿಕೊಂಡು ಬಿಡಿಸಿದರೆ ಕಣ್ಣು ಅದರ ಹಿಂದೆಯೇ ಹೋಗುತ್ತದೆ. ಏಕಮಾನಗಳನ್ನು ಪ್ರತ್ಯೇಕವಾಗಿ ನೋಡಿ: ಮಿಲಿಆಂಪಿಯರ್ ಆಂಪಿಯರ್ ಆಯಿತೇ, ಗಂಟೆ ಸೆಕೆಂಡ್ ಆಯಿತೇ. 1 ಕಿಲೋವ್ಯಾಟ್ ಗಂಟೆ ಎಂದರೆ 36 ಲಕ್ಷ ಜೌಲ್. ಇದರಲ್ಲಿ ಒಂದು ಸೊನ್ನೆ ಹೆಚ್ಚುಕಡಿಮೆ ಆಗುವುದು ಸಾಮಾನ್ಯ.

ಎರಡನೇ ಸುತ್ತು ಪಠ್ಯದ್ದು. ವ್ಯಾಖ್ಯೆಗಳನ್ನು ಪುಸ್ತಕದ ಜೊತೆ ಹೋಲಿಸಿ. ಓಮ್‌ನ ನಿಯಮ ಬರೆಯುವಾಗ "ತಾಪ ಸ್ಥಿರವಾಗಿದ್ದಾಗ" ಎಂಬ ಷರತ್ತು ಬಿಟ್ಟುಹೋಗಿದ್ದರೆ ಅದು ಅಂಕ ಕಳೆಯುವ ತಪ್ಪು. ಬಾಟ್ ಸಂಕ್ಷಿಪ್ತಗೊಳಿಸುವಾಗ ಮೊದಲು ಬೀಳಿಸುವುದು ಇಂಥ ಷರತ್ತುಗಳನ್ನೇ.

ಮೂರನೇ ಸುತ್ತು ಹೊಸ ಚಾಟ್‌ನದ್ದು. ಉತ್ತರವಿಲ್ಲದೆ ಪ್ರಶ್ನೆಗಳನ್ನಷ್ಟೇ ಹೊಸ ಚಾಟ್‌ಗೆ ಹಾಕಿ ಬಿಡಿಸಲು ಹೇಳಿ. ಬೇರೆ ಉತ್ತರ ಬಂದರೆ ಒಂದೋ ಪ್ರಶ್ನೆ ಅಸ್ಪಷ್ಟ, ಇಲ್ಲವೇ ಮೊದಲ ಉತ್ತರ ತಪ್ಪು. ಹಳೆಯ ಚಾಟ್‌ನಲ್ಲೇ "ಇದು ಸರಿಯೇ?" ಎಂದು ಕೇಳುವುದರಿಂದ ಉಪಯೋಗವಿಲ್ಲ. ಬೇಕಿದ್ದರೆ ಒಂದು ಸರಿ ಉತ್ತರದ ಬಗ್ಗೆ "ಇದು ತಪ್ಪಲ್ಲವೇ?" ಎಂದು ಸುಳ್ಳು ತಕರಾರು ಎತ್ತಿ ನೋಡಿ. "ಕ್ಷಮಿಸಿ, ನೀವು ಹೇಳಿದ್ದೇ ಸರಿ" ಎಂದು ಉತ್ತರ ಬದಲಿಸಿತೆಂದರೆ ಅದರ ಒಪ್ಪಿಗೆಗೂ ನಿರಾಕರಣೆಗೂ ಎಷ್ಟು ತೂಕ ಎಂದು ತಿಳಿಯಿತು.

ಉತ್ತರವನ್ನು ಎಸೆದು ಹೊಸದಾಗಿ ಶುರುಮಾಡಬೇಕಾದ ಲಕ್ಷಣಗಳೂ ಇವೆ. ಪಾರಿಭಾಷಿಕ ಪದ ನಡುವೆ ಬದಲಾಗುವುದು, ನೀವು ಕೊಡದ ಪುಟಸಂಖ್ಯೆಯನ್ನು ಅದೇ ಹೇಳುವುದು, "ಸಂಶೋಧನೆಗಳ ಪ್ರಕಾರ" ಎಂದು ಯಾವ ಸಂಶೋಧನೆ ಎಂದು ಹೇಳದಿರುವುದು. ಪದಪಟ್ಟಿ ಎರಡು ಸಲ ನೆನಪಿಸಿದ ಮೇಲೂ ಹಳೆಯ ಪದ ಮರಳಿ ಬಂದರೆ ಚಾಟ್ ಉದ್ದವಾಗಿದೆ ಎಂದರ್ಥ. ತಿದ್ದುತ್ತಾ ಕೂರಬೇಡಿ, ಪಠ್ಯ ಮತ್ತು ಪಟ್ಟಿ ಹಾಕಿ ಹೊಸ ಚಾಟ್ ತೆರೆಯಿರಿ.

## ಹಂತ 7: ಮುದ್ರಣ

ಚಾಟ್‌ನಿಂದ ವರ್ಡ್‌ಗೆ ಅಂಟಿಸಿದಾಗ ನಕ್ಷತ್ರ ಚಿಹ್ನೆಗಳು, ಸೂತ್ರದ ಸುತ್ತ ಡಾಲರ್ ಚಿಹ್ನೆಗಳು ಬಂದಿದ್ದರೆ ಗಾಬರಿ ಬೇಡ, ಅವು ವಿನ್ಯಾಸದ ಗುರುತುಗಳು. "ಯಾವ ಗುರುತೂ ಇಲ್ಲದೆ ಸರಳ ಪಠ್ಯವಾಗಿ, ಸೂತ್ರವನ್ನು ಒಂದೇ ಸಾಲಿನಲ್ಲಿ ಬರೆ" ಎಂದು ಮೊದಲೇ ಹೇಳಿ. ಅಂಟಿಸಿದ ಪಠ್ಯಕ್ಕೆ ನುಡಿಯ ಆಸ್ಕಿ ಫಾಂಟ್ ಹಾಕಬೇಡಿ. ನೋಟೋ ಸಾನ್ಸ್ ಕನ್ನಡ, ತುಂಗ, ನಿರ್ಮಲ ಇಂಥ ಯೂನಿಕೋಡ್ ಫಾಂಟ್ ಹಾಕಿ. ಜೆರಾಕ್ಸ್ ಅಂಗಡಿಯ ಕಂಪ್ಯೂಟರ್‌ನಲ್ಲಿ ಕನ್ನಡ ಚದುರುವುದನ್ನು ತಪ್ಪಿಸಲು ಪಿಡಿಎಫ್ ಮಾಡಿಯೇ ಒಯ್ಯಿರಿ.

## ಹಂತ 8: ತರಗತಿಯೊಳಗೆ

ತರಗತಿಯಲ್ಲಿ ನೇರವಾಗಿ ಬಾಟ್ ತೆರೆದು ಪ್ರಶ್ನೆ ಕೇಳುವ ಪ್ರದರ್ಶನ ಬೇಡ. ನೆಟ್‌ವರ್ಕ್ ಕೈಕೊಡುತ್ತದೆ, ಪರಿಶೀಲಿಸದ ಉತ್ತರ ಎಲ್ಲರೆದುರು ಬರುತ್ತದೆ, ಮಕ್ಕಳು ಯೋಚಿಸುವುದನ್ನು ಬಿಟ್ಟು ಪರದೆ ನೋಡುತ್ತಾರೆ.

ಬದಲಿಗೆ ಬಾಟ್ ಮಾಡಿದ ತಪ್ಪನ್ನೇ ಪಾಠಕ್ಕೆ ಬಳಸಿ. ಆರನೇ ಹಂತದಲ್ಲಿ ಸಿಕ್ಕ ಒಂದು ತಪ್ಪು ಉತ್ತರವನ್ನು ಹಲಗೆಯ ಮೇಲೆ ಬರೆಯಿರಿ. ಪಂಪ್‌ಸೆಟ್ ಲೆಕ್ಕ ಇದಕ್ಕೆ ಹೇಳಿ ಮಾಡಿಸಿದ್ದು. ಆದರೆ ಕ್ರಮ ಮುಖ್ಯ. ಮೊದಲ 5 ನಿಮಿಷ ಪ್ರತಿ ಮಗುವೂ ತನ್ನ ಉತ್ತರವನ್ನು ತಾನೇ ಬರೆಯಬೇಕು. ಆಮೇಲೆ ಬಾಟ್‌ನ ಉತ್ತರ ತೋರಿಸಿ. ನಾಲ್ವರ ಗುಂಪಿನಲ್ಲಿ 6 ನಿಮಿಷ ಚರ್ಚೆ: ಎಲ್ಲಿ ತಪ್ಪಿದೆ, ಏಕೆ. ಮೊದಲೇ ತೋರಿಸಿಬಿಟ್ಟರೆ ಅಚ್ಚುಕಟ್ಟಾದ ಭಾಷೆಗೆ ಮಕ್ಕಳು ಸೋತು ತಮ್ಮ ಸರಿ ಉತ್ತರವನ್ನೂ ಅಳಿಸುತ್ತಾರೆ.

ಓದಿನಲ್ಲಿ ಹಿಂದುಳಿದವರಿಗೆ ಹಾಳೆ ಸರಳಗೊಳಿಸುವುದು ಬಾಟ್ ಚೆನ್ನಾಗಿ ಮಾಡುವ ಕೆಲಸ. "ಪ್ರತಿ ವಾಕ್ಯ 8 ಪದ ಮೀರದಿರಲಿ, ಒಂದು ವಾಕ್ಯದಲ್ಲಿ ಒಂದೇ ವಿಚಾರ ಇರಲಿ, ಪದಪಟ್ಟಿಯ ಪದಗಳನ್ನು ಬದಲಿಸಬೇಡ" ಎಂದು ಹೇಳಿ. ಕೊನೆಯ ಷರತ್ತು ಬಿಟ್ಟರೆ ರೋಧವನ್ನು "ತಡೆ" ಎಂದು ಬರೆದುಬಿಡುತ್ತದೆ, ಪರೀಕ್ಷೆಯಲ್ಲಿ ಆ ಮಗುವಿಗೇ ನಷ್ಟ. ಮನೆಮಾತು ಉರ್ದು, ತೆಲುಗು, ಮರಾಠಿ ಆಗಿರುವ ಮಕ್ಕಳಿಗೆ ಆ ಭಾಷೆಯ ಎರಡು ಸಾಲಿನ ವಿವರಣೆ ಕೇಳಬಹುದು. ತುಳು, ಕೊಂಕಣಿಯಲ್ಲಿ ಬಂದದ್ದನ್ನು ಆ ಭಾಷೆಯವರು ಓದಿ ಒಪ್ಪದೆ ಹಂಚಬೇಡಿ.

## ಹಂತ 9: ಮನೆಗೆಲಸ ಮತ್ತು ತಿದ್ದುವಿಕೆ

ಮನೆಯ ಫೋನ್‌ನಲ್ಲಿ ಬಾಟ್ ಇದೆ, ಮಕ್ಕಳು ಬಳಸಿಯೇ ಬಳಸುತ್ತಾರೆ. ಪತ್ತೆಹಚ್ಚುವ ಸಾಫ್ಟ್‌ವೇರ್ ನಂಬಿ ಯಾರನ್ನೂ ದೂಷಿಸಬೇಡಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಸಂಸ್ಥೆಯೇ ತನ್ನ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು.

ಮನೆಗೆಲಸದ ರೂಪವನ್ನೇ ಬದಲಿಸಿ. "ವಿದ್ಯುತ್ ಮಿತವ್ಯಯ ಕುರಿತು ಪ್ರಬಂಧ" ಎಂಬುದು ಬಾಟ್‌ಗೆ ಬರೆದ ಆಹ್ವಾನ. "ನಿಮ್ಮ ಮನೆಯ ಮೀಟರ್‌ನ ಅಂಕಿಯನ್ನು ಮೂರು ದಿನ ಸಂಜೆ 6ಕ್ಕೆ ಬರೆದುಕೊಳ್ಳಿ, ವ್ಯತ್ಯಾಸಕ್ಕೆ ಕಾರಣ ಊಹಿಸಿ" ಎಂದರೆ ಆ ಅಂಕಿ ಬಾಟ್ ಬಳಿ ಇಲ್ಲ. ಮರುದಿನ ಒಂದು ನಿಮಿಷ ಬಾಯಿಮಾತಿನಲ್ಲಿ ಕೇಳಿ. ಮಾಡಿದವರು ಯಾರೆಂದು ಅಲ್ಲೇ ತಿಳಿಯುತ್ತದೆ.

ಉತ್ತರ ಪತ್ರಿಕೆಗೆ ಅಂಕ ಕೊಡುವ ಕೆಲಸ ಬಾಟ್‌ಗೆ ವಹಿಸಬೇಡಿ. ಮಕ್ಕಳ ಕೈಬರಹದ ಕನ್ನಡವನ್ನು ಅದು ತಪ್ಪಾಗಿ ಓದುತ್ತದೆ. ಓದಲಾಗದ ಕಡೆ ತಾನೇ ಸರಿ ವಾಕ್ಯ ತುಂಬಿಕೊಂಡು ಪೂರ್ಣ ಅಂಕ ಕೊಟ್ಟ ಉತ್ತರಗಳೂ ಸಿಗುತ್ತವೆ. ಮಾದರಿ ಉತ್ತರ ಮತ್ತು ಅಂಕ ಹಂಚಿಕೆಯ ಕರಡಿಗೆ ಮಾತ್ರ ಬಳಸಿ: ಸೂತ್ರಕ್ಕೆ 1, ಬೆಲೆ ಆದೇಶಿಸಿದ್ದಕ್ಕೆ 1, ಏಕಮಾನ ಸಹಿತ ಉತ್ತರಕ್ಕೆ 1.

## ಕನ್ನಡ ಶಿಕ್ಷಕರಿಗೆ

ನಿಮ್ಮ ವಿಷಯದಲ್ಲಿ ಬಾಟ್ ಅತಿ ಆತ್ಮವಿಶ್ವಾಸದಿಂದ ತಪ್ಪುತ್ತದೆ. ಬಸವಣ್ಣನವರ ವಚನ ಕೇಳಿದರೆ ಕೊನೆಗೆ ಕೂಡಲಸಂಗಮದೇವಾ ಎಂಬ ಅಂಕಿತ ಹಾಕಿ ತಾನೇ ಹೊಸೆದ ಸಾಲುಗಳನ್ನು ಕೊಟ್ಟುಬಿಡುತ್ತದೆ. ಸರ್ವಜ್ಞನ ತ್ರಿಪದಿಗೂ ಇದೇ ಗತಿ. ಪಠ್ಯದಲ್ಲಿ ಇಲ್ಲದ ವಚನ ಬಂದರೆ ವಚನ ಸಂಚಯ ಜಾಲತಾಣದಲ್ಲಿ ಒಂದು ಸಾಲು ಹುಡುಕಿ. ಸಿಗದಿದ್ದರೆ ಕೈಬಿಡಿ.

ಛಂದಸ್ಸಿಗೆ ಬಳಸಲೇಬೇಡಿ. ಭಾಮಿನಿ ಷಟ್ಪದಿಯ 1, 2, 4, 5ನೇ ಪಾದಗಳಲ್ಲಿ 14 ಮಾತ್ರೆ, 3 ಮತ್ತು 6ರಲ್ಲಿ 23 ಎಂಬ ಲಕ್ಷಣವನ್ನು ಅದು ಸರಿಯಾಗಿ ಹೇಳಬಹುದು. ಪದ್ಯ ಕೊಟ್ಟು ಪ್ರಸ್ತಾರ ಹಾಕು ಎಂದರೆ ಒತ್ತಕ್ಷರದ ಹಿಂದಿನ ಅಕ್ಷರವನ್ನು ಲಘು ಮಾಡಿ, ಕೊನೆಯಲ್ಲಿ ಹೇಗೋ ಮೊತ್ತ 14 ಎಂದು ಬರೆಯುತ್ತದೆ. ಎರಡನೇ ಹಂತದಲ್ಲಿ ಹೇಳಿದಂತೆ ಅದಕ್ಕೆ ಅಕ್ಷರಗಳೇ ಸರಿಯಾಗಿ ಕಾಣುವುದಿಲ್ಲ.

ಸಂಧಿಯಲ್ಲೂ ಎಚ್ಚರ. ಸೂರ್ಯೋದಯ ಗುಣಸಂಧಿ ಎಂಬಂಥ ಎಲ್ಲೆಡೆ ಸಿಗುವ ಉದಾಹರಣೆಗೆ ಸರಿ ಉತ್ತರ ಬರುತ್ತದೆ. ಮಳೆಗಾಲ ಆದೇಶ ಸಂಧಿ, ಮನೆಯನ್ನು ಆಗಮ ಸಂಧಿ, ಊರನ್ನು ಲೋಪ ಸಂಧಿ ಎಂಬ ಕನ್ನಡ ಸಂಧಿಗಳಲ್ಲಿ ಒಂದನ್ನು ಇನ್ನೊಂದೆಂದು ಹೇಳಿ, ಅದಕ್ಕೆ ನಿಯಮವನ್ನೂ ಹೊಂದಿಸುತ್ತದೆ. ಅಭ್ಯಾಸದ ಪದಗಳನ್ನು ನೀವು ಕೊಡಿ, ಉತ್ತರವನ್ನೂ ನೀವೇ ಬರೆಯಿರಿ. ಪದಗಳನ್ನು ವಾಕ್ಯಗಳಲ್ಲಿ ಬಳಸಿ ಅಭ್ಯಾಸ ಹಾಳೆ ಕಟ್ಟುವುದಕ್ಕಷ್ಟೇ ಅದನ್ನು ಹಚ್ಚಿ.

ನಿಮ್ಮ ವಿಷಯದಲ್ಲಿ ಅದು ಬಲವಾಗಿರುವುದು ಗದ್ಯ ಪಾಠದ ಪ್ರಶ್ನೆಗಳಲ್ಲಿ, ಪತ್ರಲೇಖನದ ಸನ್ನಿವೇಶಗಳಲ್ಲಿ, ತಪ್ಪು ತಿದ್ದುವ ಅಭ್ಯಾಸಕ್ಕೆ ಬೇಕಂತಲೇ ತಪ್ಪಿರುವ ಪ್ಯಾರಾ ಬರೆಯುವುದರಲ್ಲಿ. ಆ ಕೊನೆಯದರಲ್ಲಿ "ಹತ್ತು ತಪ್ಪು ಇಡು" ಎಂದರೆ ಏಳೋ ಹನ್ನೊಂದೋ ಇಟ್ಟಿರುತ್ತದೆ. ಎಣಿಸಿಯೇ ಹಲಗೆಯ ಮೇಲೆ ಬರೆಯಿರಿ.

## ಘಟಕ ಮುಗಿದ ಮೇಲೆ

ಕೆಲಸಕ್ಕೆ ಬಂದ ಪ್ರಾಂಪ್ಟ್, ಪದಪಟ್ಟಿ, ಯೂನಿಕೋಡ್ ಪಠ್ಯ, ಬಾಟ್ ಮಾಡಿದ ತಪ್ಪುಗಳ ಪಟ್ಟಿ ಈ ನಾಲ್ಕನ್ನು ಪಾಠದ ಹೆಸರಿನ ಒಂದು ಫೋಲ್ಡರ್‌ನಲ್ಲಿಡಿ. ಚಾಟ್‌ನ ಇತಿಹಾಸವನ್ನು ನೆಚ್ಚಬೇಡಿ, ಖಾತೆ ಬದಲಾದರೆ ಅದೂ ಹೋಯಿತು. ಪಠ್ಯ ಪರಿಷ್ಕರಣೆಯಾದ ವರ್ಷ ಪದಪಟ್ಟಿಯನ್ನು ಹೊಸ ಪುಸ್ತಕದ ಜೊತೆ ಮತ್ತೆ ಹೋಲಿಸಿ. ಪಕ್ಕದ ವಿಭಾಗದ ಶಿಕ್ಷಕರಿಗೆ ಈ ಫೋಲ್ಡರ್ ಕೊಡುವಾಗ ಪರಿಶೀಲಿಸಿದ ಪ್ರಶ್ನೆಗಳನ್ನೂ ಪರಿಶೀಲಿಸದವನ್ನೂ ಬೇರೆ ಬೇರೆ ಫೈಲ್ ಮಾಡಿ, ಫೈಲಿನ ಹೆಸರಲ್ಲೇ ಅದನ್ನು ಬರೆಯಿರಿ.